ಕಟ್ಟು ಬಿಚ್ಚಿದ ತಾಳೆಗರಿ: ವಚನ ಸಂಶೋಧನೆಯ ಇತಿಹಾಸ ಮತ್ತು ವಿಶ್ವವಿದ್ಯಾಲಯಗಳ ಕರ್ತವ್ಯ

ಓಂ ಶ್ರೀ ಗುರುಬಸವಲಿಂಗಾಯ ನಮಃ



ಇಂದು ನಾವು ಪ್ರತಿನಿತ್ಯ ಪಠಿಸುವ ವಚನಗಳು ನಮ್ಮ ಕೈಗೆ ಹೇಗೆ ಬಂದವು ಎಂಬುದನ್ನು ನಮ್ಮಲ್ಲಿ ಅನೇಕರು ಯೋಚಿಸಿರುವುದಿಲ್ಲ. ಕೇವಲ ನೂರು ಚಿಲ್ಲರೆ ವರ್ಷಗಳ ಹಿಂದೆ ಇವುಗಳಲ್ಲಿ ಬಹುಪಾಲು ತಾಳೆಗರಿಯ ಕಟ್ಟುಗಳಲ್ಲಿದ್ದವು. ಆ ಕಟ್ಟುಗಳು ಮಠಗಳ ಗದ್ದುಗೆಯ ಬಳಿ, ಭಕ್ತರ ಮನೆಗಳ ದೇವರ ಜಗಲಿಯ ಮೇಲೆ ವಸ್ತ್ರದಲ್ಲಿ ಸುತ್ತಲ್ಪಟ್ಟು ಪೂಜೆಗೊಳ್ಳುತ್ತಿದ್ದವು. ವಿಭೂತಿ ಪತ್ರೆಗಳು ಅವಕ್ಕೆ ತಪ್ಪದೆ ಸಲ್ಲುತ್ತಿದ್ದವು. ಬಿಚ್ಚಿ ಓದುವವರು ಮಾತ್ರ ವಿರಳವಾಗಿದ್ದರು. ಪೂಜಿಸುವ ಭಕ್ತಿಯಿಂದ ಓದುವ ಭಕ್ತಿಗೆ ಬಂದ ಈ ಪಯಣವೇ ವಚನ ಸಂಶೋಧನೆಯ ಇತಿಹಾಸ. ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯು ಎಲ್ಲರಿಗೂ ತೆರೆದುಕೊಳ್ಳಬೇಕು ಎಂಬ ಮಾತು ಇಂದು ಲೋಕದ ಎಲ್ಲೆಡೆ ಕೇಳಿಬರುತ್ತಿದೆ. ಆ ವಿಷಯದಲ್ಲಿ ನಮ್ಮ ಇತಿಹಾಸವು ಏನನ್ನು ಕಲಿಸುತ್ತದೆ ಎಂಬುದನ್ನು ಇಲ್ಲಿ ಚಿಂತಿಸೋಣ.

ಶರಣರ ಜಿಜ್ಞಾಸೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಅನುಭವ ಮಂಟಪವು ನಡೆಯಿತೆಂದು ನಾವು ನಂಬುತ್ತೇವೆ. ಅದರ ವಿಸ್ತಾರವಾದ ಚಿತ್ರಣವು ನಮಗೆ ದೊರೆಯುವುದು ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಿಂದ. ಆದ್ದರಿಂದ ಅದರಲ್ಲಿ ಚರಿತ್ರೆಯೆಷ್ಟು, ಕಾವ್ಯವೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ವಚನಗಳ ಸಾಕ್ಷ್ಯವನ್ನು ಯಾರೂ ಅಲ್ಲಗಳೆಯಲಾರರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಮೊದಲಾದವರ ಹೆಸರುಗಳಲ್ಲಿಯೇ ಅವರವರ ಕಾಯಕಗಳಿವೆ. ತತ್ತ್ವವನ್ನು ವಿಚಾರಿಸುವ ಅಧಿಕಾರವನ್ನು ಹುಟ್ಟು ಕೊಡುವುದಿಲ್ಲ, ಅರಿವು ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಿರುಗಿಸುವಂತೆ ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಪತಿಯ ತಪ್ಪನ್ನು ಪತ್ನಿಯು ತಿದ್ದಿದಳು, ಪತಿಯು ತಲೆಬಾಗಿ ತಿದ್ದಿಕೊಂಡನು. ತಪ್ಪನ್ನು ಯಾರು ತೋರಿಸಿದರೂ ಒಪ್ಪಿಕೊಳ್ಳುವ ಈ ಮನೋಧರ್ಮವೇ ಸಂಶೋಧನೆಯ ಮೊದಲ ಮೆಟ್ಟಿಲು. ಶೂನ್ಯಸಂಪಾದನೆಯೂ ಒಮ್ಮೆಗೇ ಸಿದ್ಧವಾದ ಗ್ರಂಥವಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರ ಕೃತಿಯನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಕ್ರಮವಾಗಿ ಪರಿಷ್ಕರಿಸಿದರು. ಹಿರಿಯರ ಕೃತಿಯನ್ನು ತಿದ್ದುವುದು ಹಿರಿಯರಿಗೆ ಅಗೌರವವೆಂದು ಅವರು ಭಾವಿಸಲಿಲ್ಲ.

ವಿಶ್ವವಿದ್ಯಾಲಯದ ಹೊರಗಿನ ಸಂಶೋಧಕ

ಆಧುನಿಕ ಕಾಲದಲ್ಲಿ ವಚನಗಳ ಕಟ್ಟನ್ನು ಬಿಚ್ಚಿದವರು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ. ಅವರು ವಿಜಾಪುರದ ನ್ಯಾಯವಾದಿ, ಡಾ. ಫ.ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ವ್ಯಾಸಂಗ ಮಾಡಿ, ವಕೀಲಿ ವೃತ್ತಿಯನ್ನು ಕೈಗೊಂಡ ಈ ಮಹನೀಯರು ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು ತಾಳೆಗರಿಗಳನ್ನು ಸಂಗ್ರಹಿಸಿದರು. ಪ್ರತಿಯೊಂದು ಗರಿಯನ್ನೂ ಓದಿ, ನಕಲು ಮಾಡಿ, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ ನೋಡಿದರು. ಅವರ ಪರಿಶ್ರಮದಿಂದ ಇನ್ನೂರಕ್ಕೂ ಮಿಕ್ಕಿದ ವಚನಕಾರರು ಬೆಳಕಿಗೆ ಬಂದರು.

ಇವರ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಪರರ ಮುದ್ರಣಾಲಯಗಳನ್ನು ನೆಚ್ಚಿ ಕೂರದೆ, ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಆರಂಭಿಸಿದ ಶಿವಾನುಭವ ಪತ್ರಿಕೆಯನ್ನು ಮೂರು ದಶಕಗಳಿಗೂ ಮೀರಿ ನಡೆಸಿದರು. ತಾವು ಕಂಡುಕೊಂಡದ್ದನ್ನು ತಮ್ಮ ಬಳಿಯೇ ಬಚ್ಚಿಟ್ಟುಕೊಳ್ಳದೆ ಸಂಚಿಕೆ ಸಂಚಿಕೆಯಾಗಿ ಜನರ ಮುಂದಿಟ್ಟರು. ಇದನ್ನು ಜ್ಞಾನದಾಸೋಹವೆಂದು ಕರೆಯದೆ ಬೇರೇನೆಂದು ಕರೆಯೋಣ?

ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದು 1949ರಲ್ಲಿ. ಅದು ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1956ರಲ್ಲಿ. ಆಗ ಅವರ ವಯಸ್ಸು 76. ಹೊರಗೆ ದುಡಿದವನನ್ನು ವಿಶ್ವವಿದ್ಯಾಲಯವು ಒಳಗೆ ಕರೆದು ಸನ್ಮಾನಿಸಿತು, ಅದು ಸ್ತುತ್ಯರ್ಹ. ಆದರೆ ಆ ವೇಳೆಗೆ ಹಳಕಟ್ಟಿಯವರು ತಮ್ಮ ಸರ್ವಸ್ವವನ್ನೂ ಈ ಕಾಯಕಕ್ಕೆ ಸವೆಸಿ ಆಗಿತ್ತು. ಪದವಿಯಿಲ್ಲದ, ಹುದ್ದೆಯಿಲ್ಲದ ಸಾಧಕನನ್ನು ಅವನು ದುಡಿಯುವ ಕಾಲದಲ್ಲಿಯೇ ಗುರುತಿಸುವ ಕಣ್ಣು ವಿದ್ಯಾಕೇಂದ್ರಗಳಿಗೆ ಇರಬೇಕು.

ಕೂಡಿ ಮಾಡಿದ ಕಾಯಕ

ಮುಂದೆ ಧಾರವಾಡದಲ್ಲಿ ವಚನಾಧ್ಯಯನವು ಹುಲುಸಾಗಿ ಬೆಳೆಯಿತು. ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದದ ಐದು ಸಂಪುಟಗಳನ್ನು 1965ರಿಂದ ಪ್ರಕಟಿಸಿತು. ಡಾ. ಎಸ್.ಸಿ. ನಂದೀಮಠ, ಡಾ. ಆರ್.ಸಿ. ಹಿರೇಮಠ, ಪ್ರೊ. ಸಂ.ಶಿ. ಭೂಸನೂರಮಠರೊಡನೆ ಆ ಕಾರ್ಯದಲ್ಲಿ ಕೈಗೂಡಿಸಿದವರು ಪ್ರೊ. ಅರ್ಮಾಂಡೊ ಮೆನೆಜಿಸ್. ಅವರು ಗೋವೆಯ ಮೂಲದ ಕ್ರೈಸ್ತರು, ಇಂಗ್ಲಿಷ್ ಕವಿಗಳು. ಶರಣಧರ್ಮವನ್ನು ಲೋಕಕ್ಕೆ ತಲುಪಿಸುವಲ್ಲಿ ಅನ್ಯಧರ್ಮೀಯರ ಕೈಯೂ ಇತ್ತೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಬಂದವನನ್ನು ಹೊರಗಿನವನೆಂದು ಎಣಿಸದ ಬಸವಣ್ಣನವರ ಹೃದಯವು ಅಲ್ಲಿ ಕೆಲಸ ಮಾಡಿತು.

ಸೊಲ್ಲಾಪುರದ ಡಾ. ಜಯದೇವಿತಾಯಿ ಲಿಗಾಡೆಯವರ ಬಾಳು ಇನ್ನೊಂದು ನಿದರ್ಶನ. ಮರಾಠಿ ಪರಿಸರದಲ್ಲಿ ಬೆಳೆದ ಅವರು ಕನ್ನಡವನ್ನು ತಾವಾಗಿಯೇ ಸಾಧಿಸಿಕೊಂಡು, ವಚನಗಳನ್ನು ಮರಾಠಿಗೆ ತಂದರು. ಸಿದ್ಧರಾಮ ಶಿವಯೋಗಿಗಳನ್ನು ಕುರಿತು ಮಹಾಕಾವ್ಯ ರಚಿಸಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಮೂವತ್ತಕ್ಕೂ ಹೆಚ್ಚು ಶಿವಶರಣೆಯರು ವಚನ ರಚಿಸಿದ ನಾಡಿನಲ್ಲಿ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಒಬ್ಬ ತಾಯಿ ಬರಲು ಆರು ದಶಕಗಳೇ ಬೇಕಾದವು.

1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿತು. ಹದಿನೈದು ಸಂಪುಟಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವಚನಗಳು ಸುಲಭ ಬೆಲೆಗೆ ಸಾಮಾನ್ಯರ ಮನೆ ಸೇರಿದವು. ಶಿವಶರಣೆಯರಿಗೆ ಅದರಲ್ಲಿ ಪ್ರತ್ಯೇಕ ಸಂಪುಟವೇ ಮೀಸಲಾಯಿತು. ಅನೇಕ ವಿದ್ವಾಂಸರು ಸಂಪುಟಗಳನ್ನು ಹಂಚಿಕೊಂಡು ಕೂಡಿ ದುಡಿದದ್ದರಿಂದಲೇ ಇದು ಸಾಧ್ಯವಾಯಿತು.

ನಾವು ಮರೆಯಬಾರದ ಅಧ್ಯಾಯ

ಇಷ್ಟನ್ನು ಹೇಳಿ ಮುಗಿಸಿದರೆ ಸತ್ಯಕ್ಕೆ ಅಪಚಾರವಾದೀತು. ಇದೇ ಕಲಬುರ್ಗಿಯವರು ತಮ್ಮ ಮಾರ್ಗ ಸಂಪುಟದಲ್ಲಿ ಶರಣರ ಜೀವನ ಕುರಿತು ಬರೆದ ಕೆಲವು ಸಂಗತಿಗಳು ಸಮಾಜದಲ್ಲಿ ಹಲವರಿಗೆ ಹಿಡಿಸಲಿಲ್ಲ. 1989ರಲ್ಲಿ ಒತ್ತಡಕ್ಕೆ ಮಣಿದು ಅವರು ಆ ಬರಹವನ್ನು ಹಿಂದೆಗೆದುಕೊಳ್ಳಬೇಕಾಯಿತು. ಒತ್ತಡ ತಂದವರು ಬೇರೆ ಯಾರೂ ಅಲ್ಲ, ಶರಣರ ಹೆಸರನ್ನು ಹೇಳುವ ನಮ್ಮವರೇ. ಅನಂತರವೂ ಅವರು ವಚನ ಸಂಪಾದನೆಯ ಕಾಯಕವನ್ನು ಕೈಬಿಡಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿಯೂ ಸೇವೆ ಸಲ್ಲಿಸಿದರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ದುಷ್ಕರ್ಮಿಗಳ ಗುಂಡಿಗೆ ಬಲಿಯಾದರು. ಆ ಹತ್ಯೆಯ ವಿಚಾರವನ್ನು ನ್ಯಾಯಾಲಯವು ನಿರ್ಣಯಿಸಬೇಕು. ಆದರೆ 1989ರ ಘಟನೆಯನ್ನು ನಿರ್ಣಯಿಸಬೇಕಾದವರು ನಾವು.

ಅವರ ನಿರ್ಣಯಗಳನ್ನೆಲ್ಲ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಒಪ್ಪದಿರುವವರು ಪ್ರತಿಪ್ರಮಾಣವನ್ನು ಮುಂದಿಡಬಹುದಿತ್ತು. ತಾಳೆಗರಿಗೆ ತಾಳೆಗರಿಯಿಂದ, ಶಾಸನಕ್ಕೆ ಶಾಸನದಿಂದ ಉತ್ತರ ಕೊಡಬಹುದಿತ್ತು. ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಕಠಿಣವಾಗಿ ಪ್ರಶ್ನಿಸಿದರು, ಅಕ್ಕನವರು ನಿರ್ಭೀತರಾಗಿ ಉತ್ತರಿಸಿದರು. ಅಲ್ಲಿ ಯಾರೂ ಯಾರ ಬಾಯನ್ನೂ ಮುಚ್ಚಿಸಲಿಲ್ಲ. ಶರಣರ ಘನತೆಯು ಒಬ್ಬ ಸಂಶೋಧಕನ ಲೇಖನದಿಂದ ಕುಂದುವಷ್ಟು ದುರ್ಬಲವೆಂದು ಭಾವಿಸುವುದೇ ನಮ್ಮ ಭಕ್ತಿಯ ಕೊರತೆ.

ಇಂದಿನ ಬೀಗಗಳು

ತಾಳೆಗರಿಯ ಕಟ್ಟು ಬಿಚ್ಚಿದರೂ ಇಂದು ಜ್ಞಾನಕ್ಕೆ ಬೇರೆ ಬಗೆಯ ಬೀಗಗಳಿವೆ. ಪಿಎಚ್.ಡಿ. ಪ್ರಬಂಧಗಳು ಒಂದು ಕಾಲದಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದ ಕಪಾಟಿನಲ್ಲಿಯೇ ಧೂಳು ತಿನ್ನುತ್ತಿದ್ದವು. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರ ನಿಯಮದಲ್ಲಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಧಿಸಿದ ಮೇಲೆ, ಶೋಧಗಂಗಾ ಎಂಬ ಭಂಡಾರದ ಮೂಲಕ ಅವು ಯಾರು ಬೇಕಾದರೂ ಓದುವಂತೆ ದೊರೆಯತೊಡಗಿದವು. ಇದು ಹಳಕಟ್ಟಿಯವರು ಮೆಚ್ಚುತ್ತಿದ್ದ ಕಾರ್ಯ.

2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಇದರಿಂದ 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಸಂಶೋಧನ ಪತ್ರಿಕೆಗಳು ದೊರೆಯುವಂತಾಯಿತು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ಮಹಾನಗರದ ವಿದ್ಯಾರ್ಥಿಗೂ ಒಂದೇ ಪಂಕ್ತಿಯಲ್ಲಿ ಬಡಿಸುವ ಈ ಪ್ರಯತ್ನ ಶ್ಲಾಘ್ಯವೇ ಸರಿ. ಆದರೆ ಸಂಸ್ಥೆಯ ಸದಸ್ಯನಲ್ಲದವನು ಆ ಪಂಕ್ತಿಯಲ್ಲಿ ಕುಳಿತುಕೊಳ್ಳಲಾರ. ಇಂದು ಹಳಕಟ್ಟಿಯವರಂತಹ ಒಬ್ಬ ವಕೀಲರು ವಿಜಯಪುರದಲ್ಲಿದ್ದು ಸಂಶೋಧನೆ ಕೈಗೊಂಡರೆ ಅವರು ಪಂಕ್ತಿಯ ಹೊರಗೇ ಉಳಿಯುತ್ತಾರೆ. ಎಲ್ಲರ ತೆರಿಗೆಯ ಹಣದಿಂದ ನಡೆದ ಸಂಶೋಧನೆಯ ಫಲವು ಎಲ್ಲರಿಗೂ ಮುಕ್ತವಾಗಿ ದೊರೆಯುವವರೆಗೆ ದಾಸೋಹವು ಪೂರ್ಣವಾಗದು.

ನಾವು ಮಾಡಬೇಕಾದದ್ದು

ವಿಶ್ವವಿದ್ಯಾಲಯಗಳಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಮನೆಯ ಕದವನ್ನು ನಾವು ತೆರೆಯಬೇಕು. ಯಾವ ಮಠದಲ್ಲಿ, ಯಾವ ಭಕ್ತರ ಮನೆಯಲ್ಲಿ ತಾಳೆಗರಿಗಳಿವೆಯೋ ಅವನ್ನು ತಜ್ಞರಿಂದ ಶುಚಿಗೊಳಿಸಿ, ಛಾಯಾಪ್ರತಿ ತೆಗೆಸಿ, ಕೇಳಿದ ವಿದ್ಯಾರ್ಥಿಗೆ ಕೊಡುವಂತಾಗಬೇಕು. ಮೂಲಪ್ರತಿಯು ಜಗಲಿಯ ಮೇಲೆಯೇ ಇರಲಿ, ಪೂಜೆಯೂ ನಡೆಯಲಿ. ಕೇಳಿ ಬಂದ ವಿದ್ಯಾರ್ಥಿಯ ಕುಲವನ್ನು ವಿಚಾರಿಸದಿರೋಣ. ಭಕ್ತರ ಕಾಣಿಕೆಯಿಂದ ಸಂಶೋಧನೆಗೆ ನೆರವು ನೀಡುವಾಗ, ಫಲಿತಾಂಶವು ನಮಗೆ ಹಿತವಾಗಿರಬೇಕೆಂಬ ಷರತ್ತು ಬೇಡ. ಗರಿಗಳನ್ನು ಓದಿಕೊಟ್ಟ ಹಿರಿಯರು, ನಕಲು ಮಾಡಿದ ತಾಯಂದಿರು, ದಾರಿ ತೋರಿದ ಊರಿನವರು ಇವರೆಲ್ಲರ ಹೆಸರೂ ಗ್ರಂಥದಲ್ಲಿ ಅಚ್ಚಾಗಲಿ. ಮಾರ್ಗದರ್ಶಕರ ಹೆಸರು ಮಾತ್ರ ಮೆರೆದು, ಗರಿಯ ಮೇಲೆ ಕಣ್ಣು ಸವೆಸಿದವರ ಹೆಸರು ಅಳಿದರೆ ಅದು ಕಾಯಕಕ್ಕೆ ಮಾಡಿದ ದ್ರೋಹ.

ಅರಿವನ್ನೇ ಗುರುವೆಂದು ಕರೆದವರು ನಮ್ಮ ಶರಣರು. ಆ ಗುರುವಿನ ದರ್ಶನಕ್ಕೆ ಬಂದ ಯಾರನ್ನೂ ನಾವು ಬಾಗಿಲಲ್ಲಿ ತಡೆಯದಿರೋಣ. ಈ ಲೇಖನವನ್ನು ಓದಿದ ಭಕ್ತರ ಮನೆಯಲ್ಲಿ ಹಳೆಯ ಕಟ್ಟುಗಳಿದ್ದರೆ, ಇಂದು ಲಿಂಗಪೂಜೆಯ ಅನಂತರ ಅದರ ವಸ್ತ್ರವನ್ನು ಒಮ್ಮೆ ಮೆಲ್ಲನೆ ಬಿಚ್ಚಿ ನೋಡಿರಿ.