ಗಾಜಿನ ಸೇತುವೆ ಬಿರುಕು ಬಿಟ್ಟರೆ ನಾವು ಕೆಳಗೆ ಬೀಳುತ್ತೇವೆಯೇ?

ಮಡಿಕೇರಿ ಬಳಿಯ ಉದಯಗಿರಿಯಲ್ಲಿ 2023ರಲ್ಲಿ ಗಾಜಿನ ಸೇತುವೆ ಶುರುವಾಯಿತು. ಕೊಡಗಿಗೆ ಹೊರಟವರ ವಾಟ್ಸಾಪ್‌ಗೆ ಈ ವಿಡಿಯೋ ಬಂದರೆ ಅಚ್ಚರಿಯಿಲ್ಲ: ನಡೆಯುತ್ತಿದ್ದವನ ಕಾಲಡಿ ಗಾಜು ಚಟಚಟನೆ ಸೀಳುತ್ತದೆ, ಆತ ಹೆದರಿ ತೆವಳುತ್ತಾನೆ. ಅದು ಚೀನಾದ ಹೆಬೈ ಪ್ರಾಂತ್ಯದ್ದು, 2017ರದು. ಅಲ್ಲಿ ಗಾಜು ಒಡೆದೇ ಇರಲಿಲ್ಲ. ಕಾಲಿಟ್ಟರೆ ಬಿರುಕಿನ ಚಿತ್ರ, ಸದ್ದು ಬರುವಂತೆ ಸೆನ್ಸರ್ ಇಟ್ಟಿದ್ದರು! ಟೀಕೆ ಬಂದ ಮೇಲೆ ಕ್ಷಮೆ ಕೇಳಿದರು.

ಸರಿ, ನಿಜವಾಗಿಯೇ ಬಿರುಕು ಬಿಟ್ಟರೆ?

ಕಬ್ಬಿಣದ ಸರಳು ಮುರಿಯುವ ಮೊದಲು ಬಾಗುತ್ತದೆ. ಗಾಜು ಹಾಗೆ ಮುನ್ಸೂಚನೆ ಕೊಡುವುದಿಲ್ಲ. ಅದರ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಭಾರ ಬಿದ್ದಾಗ ಎಳೆತವೆಲ್ಲ ಗೀರಿನ ತುದಿಗೆ ಬಂದು ಸೇರುತ್ತದೆ. ಲೋಹದಲ್ಲಾದರೆ ಆ ತುದಿ ಹಿಗ್ಗಿ ಮೊಂಡಾಗುತ್ತದೆ. ಗಾಜು ಹಿಗ್ಗದು, ಬಿರುಕು ಓಡುತ್ತದೆ. ಇಂಗ್ಲಿಷ್ ಎಂಜಿನಿಯರ್ ಗ್ರಿಫಿತ್ 1921ರಲ್ಲೇ ಇದನ್ನು ವಿವರಿಸಿದ್ದರು. ಗಾಜಿನ ಅಂಗಡಿಯವರು ಮಾಡುವುದೂ ಇದನ್ನೇ: ಒಂದು ಗೀರು ಎಳೆದು ಮೆಲ್ಲಗೆ ಒತ್ತಿದರೆ ಟಕ್ ಎಂದು ಎರಡು ತುಂಡು.

ಹಾಗಾಗಿಯೇ ನಡೆಯುವ ಗಾಜನ್ನು ಒಂದೇ ಹಾಳೆಯಾಗಿ ಹಾಕಬಾರದು. ಹಲವು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜು ಬೇಕು. ಒಂದು ಪದರ ಒಡೆದರೂ ಚೂರುಗಳು ಕಾರಿನ ಮುಂದಿನ ಗಾಜಿನಂತೆ ಅಲ್ಲೇ ಅಂಟಿಕೊಂಡಿರುತ್ತವೆ, ಉಳಿದ ಪದರಗಳು ಭಾರ ಹೊರುತ್ತವೆ. ಬಿರುಕು ಬಿಟ್ಟ ಕೂಡಲೇ ಕುಸಿಯುತ್ತದೆ ಎಂಬುದು ತಪ್ಪು.

ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆವು. 2023ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದ ಮಧ್ಯ ಜಾವಾದಲ್ಲಿ ಸೇತುವೆಯ ಗಾಜು ಒಡೆದು ಪ್ರವಾಸಿಯೊಬ್ಬರು ಸತ್ತರು. ಬಿರುಕು ಕಂಡರೆ ಅಲ್ಲೇ ನಿಂತು ವಿಡಿಯೋ ಮಾಡಬೇಡಿ. ಹಿಂದೆ ಸರಿದು ಸಿಬ್ಬಂದಿಗೆ ತಿಳಿಸಿ.