ಸೀಲಿಯಾಕ್ ರೋಗ: ದಣಿವು ಮತ್ತು ಹಾರ್ಮೋನು ತೊಡಕುಗಳನ್ನು ಗುರುತಿಸಿದ ಚರಿತ್ರೆ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಒಳಪದರವನ್ನು ಹಾಳುಗೆಡವುವ ರೋಗ ಸೀಲಿಯಾಕ್. ಹೆಸರು ಬಂದದ್ದು ಹೊಟ್ಟೆ ಎಂಬ ಅರ್ಥದ ಗ್ರೀಕ್ ಪದದಿಂದ. ವೈದ್ಯರ ಗಮನವೂ ಬಹುಕಾಲ ಹೊಟ್ಟೆಯಲ್ಲೇ ನಿಂತಿತು. ರೋಗಿಯ ಬಿಡದ ಸುಸ್ತು, ತಪ್ಪಿದ ಮುಟ್ಟು, ಕುಂಟುವ ಥೈರಾಯ್ಡ್ ಬೇರೆ ಬೇರೆ ಕಾಯಿಲೆಗಳಾಗಿಯೇ ಕಂಡವು.

ಸುಸ್ತಿನ ಮಾತು ಮಾತ್ರ ಹೊಸದಲ್ಲ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಬದುಕಿದ್ದ ಕಪಡೋಶಿಯದ ವೈದ್ಯ ಅರೆಟಿಯಸ್ ಈ ರೋಗಿಗಳು ಬಿಳಿಚಿಕೊಂಡು, ಸೊರಗಿ, ರೂಢಿಯ ಕೆಲಸವನ್ನೂ ಮಾಡಲಾರದೆ ಬಳಲುವುದನ್ನು ವರ್ಣಿಸಿದ್ದ. 1887ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಉಪನ್ಯಾಸ ನೀಡಿದ ಸ್ಯಾಮ್ಯುಯೆಲ್ ಗೀ, ಗುಣವಾಗುವುದಾದರೆ ಅದು ಪಥ್ಯದಿಂದಲೇ ಎಂದರು. ಯಾವ ಪಥ್ಯ ಎಂಬುದು ಅವರಿಗೆ ಸಿಗಲಿಲ್ಲ. ಡಚ್ ಚಿಪ್ಪುಮೀನು ತಿಂದು ಚೇತರಿಸಿಕೊಂಡ ಮಗುವೊಂದು ಅದರ ಋತು ಮುಗಿದೊಡನೆ ಮತ್ತೆ ಹಾಸಿಗೆ ಹಿಡಿಯಿತು. 1908ರಲ್ಲಿ ಅಮೆರಿಕದ ಕ್ರಿಶ್ಚಿಯನ್ ಹರ್ಟರ್ ಬರೆದದ್ದು ಬೆಳವಣಿಗೆಯೇ ನಿಂತುಹೋದ ಮಕ್ಕಳ ಬಗ್ಗೆ. ರೋಗ ಕರುಳನ್ನು ದಾಟಿ ಇಡೀ ದೇಹದ ಬೆಳವಣಿಗೆಯನ್ನೇ ತಡೆಯುತ್ತದೆ ಎಂಬುದಕ್ಕೆ ಅದು ದೊಡ್ಡ ಸುಳಿವಾಗಿತ್ತು.

ತಿರುವು ಬಂದದ್ದು ನೆದರ್ಲೆಂಡ್ಸಿನಲ್ಲಿ. 1944-45ರ ಕ್ಷಾಮದ ಚಳಿಗಾಲದಲ್ಲಿ ಬ್ರೆಡ್ ಸಿಗದೆ ಮಕ್ಕಳು ಚೇತರಿಸಿಕೊಂಡರು, ಅದನ್ನು ಕಂಡು ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರಿಗೆ ಕಾರಣ ಹೊಳೆಯಿತು ಎಂಬ ಕಥೆ ಜನಪ್ರಿಯ. ಆದರೆ ಅವರು 1930ರ ದಶಕದಲ್ಲೇ ಗೋಧಿಯಿಲ್ಲದ ಪಥ್ಯವನ್ನು ಪ್ರಯೋಗಿಸುತ್ತಿದ್ದರು. ಕ್ಷಾಮ ಅವರ ಅನುಮಾನವನ್ನು ಗಟ್ಟಿಮಾಡಿತು ಎನ್ನುವುದೇ ಸರಿ. 1950ರಲ್ಲಿ ಅವರ ಪ್ರಬಂಧ ಹೊರಬಂತು. ಮುಂದೆ ಸಹೋದ್ಯೋಗಿಗಳ ಜೊತೆಗೂಡಿ ದೋಷ ಗೋಧಿಯ ಗ್ಲುಟನ್‌ನಲ್ಲಿದೆ ಎಂದು ತೋರಿಸಿದರು. 1950ರ ದಶಕದಲ್ಲೇ ಕರುಳಿನ ಬಯಾಪ್ಸಿ ಸಾಧ್ಯವಾಗಿ, ಆಹಾರ ಹೀರುವ ಎಳೆಗಳು ಸವೆದುಹೋದದ್ದು ಕಣ್ಣಿಗೇ ಕಂಡಿತು.

ಸುಸ್ತಿಗೆ ಒಂದು ಕಾರಣ ಈ ಸವೆತವೇ. ಕಬ್ಬಿಣ, ಫೋಲೇಟ್, ಬಿ12, ವಿಟಮಿನ್ ಡಿ ಮೈಗೆ ಹತ್ತುವುದಿಲ್ಲ, ರಕ್ತಹೀನತೆ ಬರುತ್ತದೆ. ಭೇದಿಯೇ ಇಲ್ಲದೆ ಬರೀ ರಕ್ತಹೀನತೆಯಿಂದ ರೋಗ ಪತ್ತೆಯಾಗುವವರೂ ಇದ್ದಾರೆ. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದ ಹೆಂಗಸಿಗೆ ಮನೆಯವರು ಸೋಮಾರಿತನದ ಪಟ್ಟ ಕಟ್ಟುವುದು ಈ ರೋಗದ ಅತ್ಯಂತ ಕ್ರೂರವಾದ ಭಾಗ.

ಹಾರ್ಮೋನಿನ ನಂಟು ಬೆಳಕಿಗೆ ಬಂದದ್ದು ತಡವಾಗಿ. 1970ರಲ್ಲಿ ಬ್ರಿಟನ್ನಿನ ವೈದ್ಯರು, ಮಕ್ಕಳಾಗದ ಸೀಲಿಯಾಕ್ ಮಹಿಳೆಯರು ಗ್ಲುಟನ್ ಬಿಟ್ಟ ಮೇಲೆ ಗರ್ಭ ಧರಿಸಿದ್ದನ್ನು ವರದಿ ಮಾಡಿದರು. ಚಿಕಿತ್ಸೆಯಿಲ್ಲದಿದ್ದರೆ ಮೈನೆರೆಯುವುದು ತಡವಾಗಬಹುದು, ಮುಟ್ಟು ಬೇಗ ನಿಲ್ಲಬಹುದು. 1980ರ ದಶಕದ ಅಧ್ಯಯನಗಳು ಗಂಡಸರಲ್ಲೂ ಪುರುಷ ಹಾರ್ಮೋನಿನ ಕೆಲಸ ಕುಂದುವುದನ್ನೂ, ಕರುಳು ಸುಧಾರಿಸಿದಂತೆ ಅದು ಸರಿಹೋಗುವುದನ್ನೂ ತೋರಿಸಿದವು. ಟೈಪ್ 1 ಮಧುಮೇಹ ಮತ್ತು ರಕ್ಷಣಾ ವ್ಯವಸ್ಥೆ ಥೈರಾಯ್ಡಿನ ಮೇಲೆಯೇ ಎರಗುವ ರೋಗಗಳಿಗೂ ಸೀಲಿಯಾಕ್‌ಗೂ ವಂಶವಾಹಿಗಳ ನಂಟಿದೆ. ಥೈರಾಯ್ಡ್ ಮಾತ್ರೆಯೂ ಕರುಳಿನ ಮೂಲಕವೇ ಹೀರಿಕೆಯಾಗಬೇಕಾದ್ದರಿಂದ ಕೆಲವರಿಗೆ ಹೆಚ್ಚು ಡೋಸು ಬೇಕಾಗುತ್ತದೆ. ಆದ್ದರಿಂದಲೇ, ಪಥ್ಯ ಹಿಡಿದ ಮೇಲೂ ಸುಸ್ತು ಹೋಗದಿದ್ದರೆ ಕಬ್ಬಿಣದ ಜೊತೆಗೆ ಥೈರಾಯ್ಡನ್ನೂ ನೋಡಬೇಕು.

2016ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ರೋಗದ ಪ್ರಮಾಣ ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10. ರೋಗಕ್ಕೆ ಎಡೆಮಾಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಸಮಾನವಾಗಿದ್ದವು. ಗೋಧಿ ತಿನ್ನುವ ಪ್ರಮಾಣದಲ್ಲಿ ಮಾತ್ರ ಅಜಗಜಾಂತರವಿತ್ತು. ಕರ್ನಾಟಕದ ರಾಗಿ, ಜೋಳ, ಅಕ್ಕಿ, ನವಣೆಗಳಲ್ಲಿ ಗ್ಲುಟನ್ ಇಲ್ಲ. ಆದರೆ ಉಪ್ಪಿಟ್ಟಿನ ರವೆ ಗೋಧಿಯದು. ಅಂಗಡಿಯ ಇಂಗಿನಲ್ಲೂ ಮೈದಾ ಬೆರೆತಿರುವುದುಂಟು.

ಅನುಮಾನ ಬಂದವರು ಪರೀಕ್ಷೆಗೆ ಮೊದಲೇ ಗೋಧಿ ಬಿಡಬಾರದು. ಬಿಟ್ಟರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ಇರುವ ರೋಗವೂ ಇಲ್ಲವೆಂದು ವರದಿ ಬರಬಹುದು.