ಇಲಿ ಬಿದ್ದ ಮನೆ

ಕನ್ನಡನಾಡಿನ ಹಳ್ಳಿ ಪಟ್ಟಣಗಳಲ್ಲಿ “ಇಲಿ ಬಿತ್ತು” ಎಂಬ ಎರಡು ಮಾತುಗಳು ಬಹುಕಾಲ ಒಂದು ಭಯಂಕರವಾದ ಅರ್ಥವನ್ನು ಹೊತ್ತಿದ್ದವು. ಅಟ್ಟದಿಂದಲೋ ಸೂರಿನಿಂದಲೋ ಇಲಿಯೊಂದು ಅಮಲೇರಿದಂತೆ ತೂರಾಡುತ್ತ ನಡುಮನೆಗೆ ಬಂದು, ಮನುಷ್ಯರ ಹೆದರಿಕೆಯನ್ನೇ ಮರೆತು, ಅಲ್ಲಿಯೇ ಎರಡು ಸುತ್ತು ಸುತ್ತಿ ಸತ್ತುಬಿದ್ದಿತೆಂದರೆ, ಮನೆಯ ಯಜಮಾನನು ಮುಹೂರ್ತಕ್ಕಾಗಿ ಪಂಚಾಂಗವನ್ನು ತೆರೆಯುತ್ತಿರಲಿಲ್ಲ, ಗಾಡಿ ಕಟ್ಟಿಸುತ್ತಿದ್ದನು. ಊರ ಹೊರಗಿನ ಹೊಲದಲ್ಲಿಯೋ ತೋಪಿನಲ್ಲಿಯೋ ಬಿದಿರುಗಳನ್ನು ನೆಟ್ಟು, ಗರಿಯನ್ನು ಹೊದಿಸಿ, ಸುತ್ತಲೂ ತಟ್ಟಿ ಕಟ್ಟಿದ ಗುಡಿಸಲುಗಳು ಏಳುತ್ತಿದ್ದವು. ಷೆಡ್ಡು ಎಂಬ ಇಂಗ್ಲಿಷು ಮಾತು ಅಕ್ಷರವರಿಯದವರ ನಾಲಗೆಗೂ ಹತ್ತಿದುದು ಹಾಗೆಯೇ. ಊರಿಗೆ ಊರೇ ಬಾಗಿಲಿಗೆ ಬೀಗ ಹಾಕಿ ಹೊರಗೆ ಹೋಗಿ, ಬೇಸಗೆಯ ಬಿಸಿಲು ಬಲಿತ ಮೇಲೆ ಹಿಂದಿರುಗುತ್ತಿತ್ತು. ಈ ನಡತೆಯು ಬರಿಯ ಭೀತಿಯೋ ಅಥವಾ ವಿವೇಕವೋ ಎಂಬುದನ್ನು ನಿರ್ಣಯಿಸಲು ವೈದ್ಯಶಾಸ್ತ್ರಕ್ಕೆ ಸುಮಾರು ಹತ್ತು ವರ್ಷಗಳು ಬೇಕಾದವು. ಆ ಹತ್ತು ವರ್ಷಗಳಲ್ಲಿ ಸರ್ಕಾರಕ್ಕೂ ಪ್ರಜೆಗಳಿಗೂ ನಡುವೆ ನಡೆದುದೆಲ್ಲವೂ ರೋಗವು ಎಲ್ಲಿ ನೆಲೆಸಿದೆ ಎಂಬ ಒಂದು ಪ್ರಶ್ನೆಯನ್ನೇ ಸುತ್ತಿಕೊಂಡಿದ್ದಿತು.

ಪ್ಲೇಗಿನ ಲಕ್ಷಣಗಳನ್ನು ಒಮ್ಮೆ ಕಂಡವರು ಮರೆಯುವುದು ಸಾಧ್ಯವಿರಲಿಲ್ಲ. ವಿಷವು ದೇಹವನ್ನು ಹೊಕ್ಕ ಎರಡರಿಂದ ಆರು ದಿನಗಳೊಳಗೆ, ಬಹುಮಟ್ಟಿಗೆ ಮುನ್ಸೂಚನೆಯೇ ಇಲ್ಲದೆ, ಚಳಿಯೊಡನೆ ತೀವ್ರವಾದ ಜ್ವರವು ಏರುವುದು. ತಲೆ ಸಿಡಿಯುವುದು, ಕಣ್ಣು ಕೆಂಪಾಗುವುದು, ನಾಲಗೆ ತೊದಲುವುದು, ಕುಡಿದವನಂತೆ ಹೆಜ್ಜೆ ತಪ್ಪುವುದು. ಒಂದೆರಡು ದಿನಗಳಲ್ಲಿ ತೊಡೆಯ ಸಂದಿಯಲ್ಲಿ, ಇಲ್ಲವೆ ಕಂಕುಳಲ್ಲಿ, ಕುತ್ತಿಗೆಯಲ್ಲಿ, ಮುಟ್ಟಲಾಗದಷ್ಟು ನೋವುಳ್ಳ ಗೆಡ್ಡೆ ಏಳುವುದು. ಕಾಲನ್ನು ಕಚ್ಚಿದ ವಿಷವು ಮೊದಲು ಸೇರುವ ರಸಗ್ರಂಥಿಗಳು ತೊಡೆಯ ಸಂದಿಯಲ್ಲಿರುವುದರಿಂದ ಬಹುಪಾಲು ರೋಗಿಗಳಲ್ಲಿ ಗೆಡ್ಡೆ ಅಲ್ಲಿಯೇ ಕಾಣಿಸುತ್ತಿತ್ತು. ಈ ಸಣ್ಣ ಸಂಗತಿಯು ರೋಗವು ನೆಲದ ಮಟ್ಟದಿಂದ ಬರುತ್ತದೆಂದು ಸಾರಿಹೇಳುತ್ತಿದ್ದರೂ ಆಗ ಅದನ್ನು ಕೇಳಿಸಿಕೊಂಡವರು ವಿರಳ. ಮದ್ದಿಲ್ಲದ ಆ ಕಾಲದಲ್ಲಿ ಗೆಡ್ಡೆಯ ಪ್ಲೇಗು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಾರದೊಳಗೆ ಸಾಯುತ್ತಿದ್ದರು. ರೋಗವು ಪುಪ್ಪುಸಕ್ಕೆ ಇಳಿದರೆ ಉಳಿಯುವವರೇ ಇಲ್ಲ; ಆಗ ಮಾತ್ರ ಅದು ಕೆಮ್ಮಿನ ತುಂತುರಿನೊಡನೆ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವುದು. ಹಿಂದೂದೇಶದಲ್ಲಿ ಕಂಡುದು ಬಹುವಾಗಿ ಗೆಡ್ಡೆಯ ಬಗೆಯೇ.

೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಮಾರಿಯು ಕುಣಿಯುತ್ತಿದ್ದಾಗ ಫ್ರೆಂಚರ ಪರವಾಗಿ ಬಂದ ಯೆರ್ಸಿನ್, ಜಪಾನಿನ ಕಿತಾಸಾತೊ ಇಬ್ಬರೂ ರೋಗಾಣುವನ್ನು ಹುಡುಕಿದರು. ಯೆರ್ಸಿನನು ಸತ್ತ ಇಲಿಗಳಲ್ಲಿಯೂ ಅದೇ ರೋಗಾಣುವನ್ನು ಕಂಡನು. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ವೈದ್ಯ ವಿಯೇಗಸ್ ಅವರು ಪ್ಲೇಗನ್ನು ಗುರುತಿಸಿದರು. ಮಾಂಡವಿಯು ಧಾನ್ಯದ ಉಗ್ರಾಣಗಳ ಕೇರಿ; ಇಲಿಗಳ ರಾಜಧಾನಿಯೆಂದರೂ ಸಲ್ಲುವುದು. ಕೆಲವೇ ತಿಂಗಳಲ್ಲಿ ಆ ಮಹಾನಗರದ ಸುಮಾರು ಅರ್ಧದಷ್ಟು ಜನ ಊರು ಬಿಟ್ಟರು. ಓಡಿದವರ ಹಾಸಿಗೆಯ ಸುರುಳಿಗಳೊಡನೆಯೂ, ವರ್ತಕರ ಗೋಣಿಚೀಲಗಳೊಡನೆಯೂ ರೋಗವು ರೈಲುಹಾದಿಯನ್ನು ಹಿಡಿಯಿತು. ೧೮೯೮ರ ಹೊತ್ತಿಗೆ ಧಾರವಾಡ ಹುಬ್ಬಳ್ಳಿಗಳು ನರಳುತ್ತಿದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೂ, ಬಳಿಕ ಮೈಸೂರಿನಲ್ಲಿಯೂ ಅದು ಕಾಣಿಸಿಕೊಂಡಿತು. ೧೮೯೧ರ ಜನಗಣತಿಯಲ್ಲಿ ದಂಡು ಪ್ರದೇಶವೂ ಸೇರಿ ಸುಮಾರು ೧,೮೦,೦೦೦ ಇದ್ದ ಬೆಂಗಳೂರಿನ ಜನಸಂಖ್ಯೆಯು ೧೯೦೧ರಲ್ಲಿ ೧,೫೯,೦೦೦ಕ್ಕೆ ಇಳಿಯಿತು. ೭೪,೦೦೦ ಇದ್ದ ಮೈಸೂರು ೬೮,೦೦೦ ಆಯಿತು. ಸತ್ತವರ ಜೊತೆಗೆ ಬಿಟ್ಟುಹೋದವರೂ ಈ ಲೆಕ್ಕದಲ್ಲಿ ಸೇರಿರುವರು.

ಸರ್ಕಾರದವರು ಕೈಕಟ್ಟಿ ಕುಳಿತಿರಲಿಲ್ಲ. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವು ಜಾರಿಗೆ ಬಂದು, ಅಧಿಕಾರಿಗಳಿಗೆ ಅದುವರೆಗೆ ಕೇಳರಿಯದ ಅಧಿಕಾರಗಳು ದೊರೆತವು. ಅವರ ಎಣಿಕೆಯಲ್ಲಿ ರೋಗವು ರೋಗಿಯಲ್ಲಿತ್ತು, ಅವನ ಬಟ್ಟೆಯಲ್ಲಿತ್ತು, ಅವನ ಮನೆಯ ಕೊಳೆಯಲ್ಲಿತ್ತು. ಆದಕಾರಣ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಕಂಕುಳನ್ನೂ ತೊಡೆಯ ಸಂದಿಯನ್ನೂ ತಡವಿ ನೋಡಿದರು. ಈ ಪರೀಕ್ಷೆಯಿಂದ ಸ್ತ್ರೀಯರೂ ತಪ್ಪಿಸಿಕೊಳ್ಳಲಿಲ್ಲ. ಮನೆಮನೆಯನ್ನು ಶೋಧಿಸಿ ರೋಗಿಯನ್ನು ಆಸ್ಪತ್ರೆಗೂ, ಅವನ ಬಂಧುಗಳನ್ನು ಪ್ರತ್ಯೇಕ ಶಿಬಿರಕ್ಕೂ ಸಾಗಿಸಿದರು. ಹೆಂಚುಗಳನ್ನು ತೆಗೆದು ಒಳಗೆ ಬಿಸಿಲು ಬಿಟ್ಟರು. ಗೋಡೆಗೆ ಸುಣ್ಣ ಹೊಡೆದರು. ಕಾರ್ಬಾಲಿಕ್ ದ್ರಾವಣವನ್ನು ನೆಲದ ಮೇಲೆ ಹೊಳೆಯಾಗಿ ಹರಿಸಿದರು. ಹೆಂಚು ತೆಗೆದುದರಿಂದ ಸ್ವಲ್ಪ ಉಪಕಾರವಾಗಿರಬಹುದು. ದ್ರಾವಣವನ್ನು ಹರಿಸಿದುದರ ಫಲವಾದರೋ, ಬಿಲದಲ್ಲಿದ್ದ ಇಲಿಗಳು ಪಕ್ಕದ ಮನೆಗೆ ಗುಳೆ ಹೋದುದು.

ಜನರು ಇದನ್ನು ಹೇಗೆ ಸಹಿಸಿಯಾರು? ಹೆಣಕ್ಕೆ ಸಂಸ್ಕಾರವಾಗುವ ಮೊದಲು ಪರೀಕ್ಷೆ, ಅಡುಗೆಯ ಮನೆಗೆ ಪರಕೀಯರ ಪ್ರವೇಶ, ಮಡಿಮೈಲಿಗೆಗಳ ಗಣನೆಯಿಲ್ಲದ ಶಿಬಿರ, ಹೋದವರಲ್ಲಿ ಹಿಂದಿರುಗದವರೇ ಹೆಚ್ಚಾಗಿದ್ದ ಆಸ್ಪತ್ರೆ. ಆಸ್ಪತ್ರೆಯಲ್ಲಿ ಕೊಂದು ಎಣ್ಣೆ ತೆಗೆಯುವರೆಂಬ ವದಂತಿಯು ಮುಂಬಯಿಯಲ್ಲಿ ಹಬ್ಬಿತು. ಜ್ವರ ಬಂದವರನ್ನು ಅಟ್ಟದ ಮೇಲೆ ಅಡಗಿಸಿಟ್ಟರು. ೧೮೯೭ರ ಜೂನ್ ೨೨ರಂದು ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡನು ಚಾಪೇಕರ ಸೋದರರ ಗುಂಡಿಗೆ ಗುರಿಯಾದುದು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಮೈಸೂರು ಸಂಸ್ಥಾನದಲ್ಲಿಯೂ ೧೮೯೮ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರು ಪ್ಲೇಗಿನ ಕಟ್ಟಳೆಗಳ ವಿರುದ್ಧ ದಂಗೆಯೆದ್ದರು. ಆಗ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳು, ಶೇಷಾದ್ರಿ ಅಯ್ಯರ್ ದಿವಾನರು. ಮುಂದೆ ದಿವಾನಗಿರಿಗೆ ಏರಿದ ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರು. ಬೆಂಗಳೂರಿನ ಟೆಲಿಫೋನು ತಂತಿಗಳ ಆರಂಭವನ್ನು ಪ್ಲೇಗಿನ ಕಾರ್ಯಾಚರಣೆಗೇ ಜೋಡಿಸಿ ಹೇಳುವುದು ವಾಡಿಕೆ. ಅಗಲವಾದ ಬೀದಿ, ಮನೆಗಳ ಹಿಂದೆ ಕೊಳೆ ಸಾಗಿಸುವ ಓಣಿ, ಮನೆಮನೆಗೂ ನಡುವೆ ಗಾಳಿಯಾಡುವ ತೆರವು ಇರುವಂತೆ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುದೂ, ಮೈಸೂರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಸ್ಥಾಪಿತವಾದುದೂ ಆ ಮಾರಿಯ ನೆರಳಿನಲ್ಲಿಯೇ. ಇಂದು ಆ ಬಡಾವಣೆಗಳ ಮರಗಳ ಕೆಳಗೆ ನಡೆದಾಡುವವರಿಗೆ ಅದು ನೆನಪಿರುವುದು ಕಡಮೆ.

ದಮನಕ್ಕಿಂತ ಬೇರೆಯಾದ ಇನ್ನೊಂದು ಮಾರ್ಗವು ಹುಬ್ಬಳ್ಳಿಯಲ್ಲಿ ಕಂಡುಬಂದಿತು. ರಷ್ಯಾದೇಶದಿಂದ ಬಂದ ಯಹೂದಿ ವಿಜ್ಞಾನಿ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ೧೮೯೮ರಲ್ಲಿ ಹುಬ್ಬಳ್ಳಿಯೊಂದರಲ್ಲಿಯೇ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಮರಣವು ಬಹಳ ಕಡಮೆಯಾಯಿತು. ಐವತ್ತು ಸಾವಿರದಷ್ಟಿದ್ದ ಒಂದು ಊರಿನಲ್ಲಿ ಇಷ್ಟು ಮಂದಿ ಹೊಸ ಮದ್ದಿಗೆ ತೋಳು ಒಡ್ಡಿದರೆಂಬುದನ್ನು, ಹಿಂದೂಜನರು ನವೀನವಾದುದನ್ನೆಲ್ಲ ವಿರೋಧಿಸುವರೆಂದು ಬರೆದವರು ಗಮನಿಸಬೇಕಾಗಿದ್ದಿತು. ಆದರೆ ನಂಬಿಕೆಯೆಂಬುದು ಸೂಕ್ಷ್ಮವಾದ ವಸ್ತು. ೧೯೦೨ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಮದ್ದನ್ನು ಚುಚ್ಚಿಸಿಕೊಂಡ ಹತ್ತೊಂಬತ್ತು ಜನ ಧನುರ್ವಾತದಿಂದ ಸತ್ತರು. ಹಾಫ್ಕಿನನು ತಪ್ಪಿತಸ್ಥನಲ್ಲವೆಂದು ತೀರ್ಮಾನವಾಗಲು ೧೯೦೭ರವರೆಗೆ ಕಾಯಬೇಕಾಯಿತು. ಪ್ಲೇಗಿನಿಂದ ದೇಶದಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನ ಸತ್ತುದು ಅದೇ ವರ್ಷ. ಅವರಲ್ಲಿ ಹೆಚ್ಚಿನವರು ಪಂಜಾಬಿನವರು.

ಇಷ್ಟರಲ್ಲಿ ಇಲಿಯ ಗುಟ್ಟು ಬಯಲಾಗತೊಡಗಿತ್ತು. ಪಾಸ್ಚರ್ ಸಂಸ್ಥೆಯಿಂದ ಬಂದ ಪಾಲ್ ಲೂಯಿ ಸೀಮೊಂ ಎಂಬ ಫ್ರೆಂಚ್ ವೈದ್ಯನು, ಸತ್ತು ಬಹಳ ಹೊತ್ತಾದ ಇಲಿಯನ್ನು ಮುಟ್ಟಿದವರಿಗೆ ಏನೂ ಆಗುವುದಿಲ್ಲ, ಆಗತಾನೆ ಸತ್ತುದನ್ನು ಮುಟ್ಟಿದವರಿಗೆ ರೋಗ ಬರುತ್ತದೆ ಎಂಬುದನ್ನು ಕಂಡು ಬೆರಗಾದನು. ಕೆಲವು ರೋಗಿಗಳ ಚರ್ಮದ ಮೇಲೆ ಒಂದು ಸಣ್ಣ ಬೊಕ್ಕೆ, ಅದರೊಳಗೆ ರೋಗಾಣು. ಚಿಗಟದ ಕಡಿತವಲ್ಲದೆ ಇದು ಮತ್ತೇನು? ೧೮೯೮ರ ಜೂನಿನಲ್ಲಿ ಕರಾಚಿಯಲ್ಲಿ ಅವನು ಪ್ಲೇಗು ಬಡಿದ ಇಲಿಯೊಂದನ್ನು ಚಿಗಟಗಳ ಸಹಿತವಾಗಿ ದೊಡ್ಡ ಗಾಜಿನ ಪಾತ್ರೆಯಲ್ಲಿಟ್ಟನು. ಅದು ಸಾಯುವ ಮೊದಲು, ಆರೋಗ್ಯವಾದ ಇನ್ನೊಂದು ಇಲಿಯನ್ನು ಜಾಲರಿಯ ಪಂಜರದಲ್ಲಿರಿಸಿ, ಒಂದನ್ನೊಂದು ಮುಟ್ಟಲಾಗದಂತೆ ಅದೇ ಪಾತ್ರೆಯೊಳಗೆ ಇಳಿಸಿದನು. ಕೆಲವು ದಿನಗಳಲ್ಲಿ ಎರಡನೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ಅಷ್ಟು ಸರಳವಾದ ಪ್ರಯೋಗ. ಆದರೂ ವಿದ್ವಾಂಸರು ನಂಬಲಿಲ್ಲ. ೧೮೯೮ರಲ್ಲಿ ನೇಮಕವಾದ ಪ್ಲೇಗು ಕಮಿಷನ್ನಿನವರು ಚಿಗಟದ ವಾದವನ್ನು ಬದಿಗೆ ಸರಿಸಿದರು. ಮನುಷ್ಯರನ್ನು ಹಿಡಿದು ಪರೀಕ್ಷಿಸುವ ದೊಡ್ಡ ವ್ಯವಸ್ಥೆಯೊಂದು ದೇಶದ ಉದ್ದಗಲಕ್ಕೂ ನಿಂತಿದ್ದಾಗ, ಅಪರಾಧಿಯು ಸೂರಿನ ಸಂದಿಯಲ್ಲಿ ಕುಳಿತಿರುವ ಒಂದು ಕ್ಷುದ್ರಕೀಟವೆಂದು ಒಪ್ಪುವುದು ಸುಲಭವಾಗಿರಲಿಲ್ಲ.

೧೯೦೫ರಲ್ಲಿ ಕೆಲಸವನ್ನು ಆರಂಭಿಸಿದ ಎರಡನೆಯ ಸಂಶೋಧಕಮಂಡಲಿಯು ಮುಂಬಯಿಯ ಪರೇಲಿನ ಪ್ರಯೋಗಶಾಲೆಯಲ್ಲಿ ಸೀಮೊಂನ ಮಾತನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿತು. ಪ್ಲೇಗು ಹೊಕ್ಕ ಮನೆಗಳಲ್ಲಿ ಗಿನಿ ಇಲಿಗಳನ್ನು ಬಿಟ್ಟರೆ ಅವುಗಳ ಮೈತುಂಬ ಇಲಿಯ ಚಿಗಟಗಳು ಮುತ್ತುವುದೂ, ಆ ಪ್ರಾಣಿಗಳು ಸಾಯುವುದೂ ಕಂಡುಬಂದಿತು. ಚಿಗಟವು ಹಾರಲಾರದಷ್ಟು ಎತ್ತರದಲ್ಲಿ ತೂಗುಹಾಕಿದ ಪಂಜರದೊಳಗಿನವು ಬದುಕಿಕೊಂಡವು. ಮನೆಯ ಇಲಿಗಳು ಸಾಯತೊಡಗಿದ ಹತ್ತು ಹದಿನಾಲ್ಕು ದಿನಗಳ ಮೇಲೆ ಮನುಷ್ಯರಿಗೆ ರೋಗವು ತಗಲುವುದೆಂದೂ ಅವರು ಲೆಕ್ಕಹಾಕಿದರು. ಹೆಣವು ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಡುವುವು. ಬೇರೆ ಇಲಿ ಸಿಕ್ಕುವವರೆಗೆ ಕಾಯುವುವು. ಇಲಿಗಳೇ ಮುಗಿದು ಹಸಿವು ಮೂರು ದಿನವಾದ ಮೇಲೆ ಮನುಷ್ಯನ ಕಾಲನ್ನು ಹಿಡಿಯುವುವು. ರೋಗಿಯ ಪಕ್ಕದಲ್ಲಿ ಹಗಲಿರುಳು ಕುಳಿತ ಬಂಧುಗಳಿಗೂ ದಾದಿಯರಿಗೂ ಆಸ್ಪತ್ರೆಯಲ್ಲಿ ಗೆಡ್ಡೆಯ ಪ್ಲೇಗು ತಗಲುವುದು ಅಪರೂಪವೆಂಬುದೂ ಸ್ಪಷ್ಟವಾಯಿತು. ಎಂದರೆ, ಜನರು ಮೃತ್ಯುದ್ವಾರವೆಂದು ನಡುಗಿದ ಆಸ್ಪತ್ರೆಯು ಸೋಂಕಿನ ಮಟ್ಟಿಗೆ ಎಲ್ಲಕ್ಕಿಂತ ನಿರಪಾಯವಾದ ಸ್ಥಳವಾಗಿದ್ದಿತು. ಸರ್ಕಾರವು ಬಲೆ ಬೀಸಿ ಹಿಡಿದ ರೋಗಿಯು ಬಹುಮಟ್ಟಿಗೆ ನಿರಪರಾಧಿಯಾಗಿದ್ದನು. ಅಪಾಯವು ಇಲಿ ಬಿದ್ದ ಮನೆಯಲ್ಲಿದ್ದಿತು. ಮೊದಲ ಇಲಿ ಬಿದ್ದ ದಿನವೇ ಹೊರಟ ಸಂಸಾರಕ್ಕೆ ಈ ಹತ್ತು ಹದಿನಾಲ್ಕು ದಿನಗಳ ಬಿಡುವು ದೊರಕುತ್ತಿದ್ದಿತು.

ಹಿಮಾಲಯದ ಗಢವಾಲ ಕುಮಾಯೂಂ ಸೀಮೆಗಳಲ್ಲಿ ಈ ರೋಗವು ೧೮೨೩ರಿಂದಲೂ ದಾಖಲೆಯಲ್ಲಿದೆ. ಅದನ್ನು ಅಲ್ಲಿ ಮಹಾಮಾರಿಯೆಂದೇ ಕರೆಯುತ್ತಿದ್ದರು. ಇಲಿ ಸತ್ತರೆ ಅಲ್ಲಿಯ ಹಳ್ಳಿಗರು ಊರು ಬಿಟ್ಟು ಗುಡ್ಡವೇರುತ್ತಿದ್ದರು. ಪರಸ್ಪರ ಪರಿಚಯವಿಲ್ಲದ ಎರಡು ಸೀಮೆಗಳ ಜನರು ಕಣ್ಣಾರೆ ಕಂಡುದರಿಂದ ಒಂದೇ ನಿರ್ಣಯಕ್ಕೆ ಬಂದುದು ಗಮನಾರ್ಹ. ಹಾಗೆಂದು ಅವರ ತಿಳಿವಳಿಕೆಯು ಪೂರ್ಣವಾಗಿತ್ತೆನ್ನಲಾಗದು. ಮನೆಯನ್ನು ಬಿಟ್ಟವರು ಹಾಸಿಗೆ ಕಂಬಳಿಗಳನ್ನು ಬಿಡಲಿಲ್ಲ. ಅವುಗಳ ಮಡಿಕೆಗಳಲ್ಲಿ ಚಿಗಟಗಳೂ ಷೆಡ್ಡಿಗೆ ಬಂದವು. ವಾಡೆಯಲ್ಲಿದ್ದ ರಾಗಿಯನ್ನು ತರಲೆಂದೋ ಹೂತಿಟ್ಟ ಒಡವೆಯನ್ನು ನೋಡಲೆಂದೋ ಖಾಲಿಯ ಮನೆಗೆ ಹೋದವನನ್ನು ಅಲ್ಲಿ ಹಸಿದ ಚಿಗಟಗಳು ಎದುರುಗೊಂಡವು. ಗಣಪತಿಯ ವಾಹನವೆಂದು ಇಲಿಯನ್ನು ಕೊಲ್ಲಲು ಹಿಂಜರಿದವರೂ ಇದ್ದರು. ಇನ್ನು ಪಟ್ಟಣದ ಕೂಲಿಯವನಿಗೆ ಹೊಲವಿಲ್ಲ, ತೋಪಿಲ್ಲ, ಬಿದಿರು ಕೊಳ್ಳಲು ಹಣವಿಲ್ಲ. ಇಲಿ ಬಿದ್ದರೂ ಅವನು ಅಲ್ಲಿಯೇ ಮಲಗಿದನು. ಊರು ಬಿಡುವ ವಿವೇಕಕ್ಕೂ ಒಂದಿಷ್ಟು ಆಸ್ತಿಯು ಬೇಕು. ಷೆಡ್ಡಿನ ಬಾಳು, ಮತ್ತೆ ಮತ್ತೆ ಬರುವ ಮಾರಿ, ಒಂದೇ ಮನೆಯ ಬೆಳೆದ ಮಕ್ಕಳ ಸಾವು, ಇವೆಲ್ಲವೂ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ (೧೯೭೦) ಕಥೆಯಾಗಿ ಬಂದಿವೆ.

ಚಿಗಟವು ವಿಷವನ್ನು ಹೇಗೆ ದಾಟಿಸುವುದೆಂಬುದನ್ನು ೧೯೧೪ರಲ್ಲಿ ಬೇಕಟ್ ಮತ್ತು ಮಾರ್ಟಿನ್ ತೋರಿಸಿದರು: ರೋಗಾಣುಗಳು ಬೆಳೆದು ಅದರ ಅನ್ನನಾಳವನ್ನೇ ಮುಚ್ಚಿಬಿಡುವುವು, ಎಷ್ಟು ಹೀರಿದರೂ ಹೊಟ್ಟೆಗಿಳಿಯದ ರಕ್ತವನ್ನು ಅದು ಹಸಿವಿನಿಂದ ಹುಚ್ಚೆದ್ದು ಕಡಿದ ಗಾಯಕ್ಕೇ ಮರಳಿ ಕಾರುವುದು. ಅಷ್ಟು ಹೊತ್ತಿಗೆ ಸತ್ತವರ ಸಂಖ್ಯೆ ಹಲವು ಲಕ್ಷಗಳನ್ನು ದಾಟಿದ್ದಿತು; ೧೯೩೦ರ ವೇಳೆಗೆ ಒಂದು ಕೋಟಿಯನ್ನು ಮೀರಿತು. ೧೯೪೦ರ ದಶಕದ ಕೊನೆಯಲ್ಲಿ ಡಿ.ಡಿ.ಟಿ. ಪುಡಿಯೂ ಸ್ಟ್ರೆಪ್ಟೊಮೈಸಿನ್ ಮದ್ದೂ ಬಂದ ಮೇಲೆ ರೋಗವು ಹಿಮ್ಮೆಟ್ಟಿತು. ೧೯೬೬ರಲ್ಲಿ ಈಗಿನ ಕರ್ನಾಟಕದಲ್ಲಿ ಕಂಡ ಪ್ರಕರಣದ ಬಳಿಕ ಇಪ್ಪತ್ತೆಂಟು ವರ್ಷ ದೇಶದಲ್ಲಿ ದೃಢಪಟ್ಟ ಪ್ಲೇಗಿನ ಸುದ್ದಿಯಿರಲಿಲ್ಲ.

೧೯೯೩ರ ಸೆಪ್ಟೆಂಬರಿನಲ್ಲಿ ಲಾತೂರು ಸೀಮೆಯಲ್ಲಿ ಭೂಕಂಪವಾದಾಗ, ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯವರೂ ಅಂಜಿ ಮನೆಗಳನ್ನು ಬಿಟ್ಟರು. ಧಾನ್ಯವು ಒಳಗೇ ಉಳಿಯಿತು, ಇಲಿಗಳು ಬೆಳೆದವು. ಮರುವರ್ಷದ ಆಗಸ್ಟಿನಲ್ಲಿ ಅಲ್ಲಿ ಇಲಿ ಬಿದ್ದಿತು, ಚಿಗಟಗಳ ಕಾಟವೆಂದು ಜನ ದೂರಿದರು, ಆಮೇಲೆ ಗೆಡ್ಡೆಗಳೆದ್ದವು. ಅದಾದ ಕೆಲವು ವಾರಗಳಲ್ಲಿ ಸೂರತ್ತಿನಲ್ಲಿ ಪುಪ್ಪುಸದ ಪ್ಲೇಗು ಹಬ್ಬಿ ಲಕ್ಷಾಂತರ ಜನ ಆ ನಗರವನ್ನು ಬಿಟ್ಟೋಡಿದರು. ಪುಪ್ಪುಸದ ಬಗೆಯಲ್ಲಿ ಓಡುವವನೇ ರೋಗದ ವಾಹನ. ಹಳೆಯ ವಿವೇಕವು ಅಲ್ಲಿ ನಡೆಯತಕ್ಕುದಲ್ಲ. ಆದರೆ ಮದ್ದು ಕೈಯಲ್ಲಿದ್ದುದರಿಂದ ಅದು ವಾರಗಳಲ್ಲಿಯೇ ಅಡಗಿತು. ೨೦೦೪ರಲ್ಲಿ ಗಢವಾಲದ ಉತ್ತರಕಾಶಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅದು ಮತ್ತೆ ತಲೆಯೆತ್ತಿತು. ಕರ್ನಾಟಕ, ಆಂಧ್ರ, ತಮಿಳುನಾಡುಗಳು ಕೂಡುವ ಕೋಲಾರದ ಕಡೆಯ ಗಡಿಸೀಮೆಯಲ್ಲಿ ಇಲಿಗಳನ್ನು ಹಿಡಿದು ರಕ್ತವನ್ನು ಪರೀಕ್ಷಿಸುವ ಕೆಲಸವನ್ನು ಬೆಂಗಳೂರಿನ ಪ್ಲೇಗು ಘಟಕದವರು ಕೈಗೊಂಡರು. ಅವರು ಪ್ರತಿಯೊಂದು ಇಲಿಯ ಮೈಯನ್ನು ಬಾಚಿ ಚಿಗಟಗಳನ್ನು ಎಣಿಸುವರು. ಒಂದು ಇಲಿಗೆ ಸರಾಸರಿ ಒಂದಕ್ಕಿಂತ ಹೆಚ್ಚಾದರೆ ಅದನ್ನು ಅಪಾಯದ ಗುರುತೆಂದು ಪುಸ್ತಕದಲ್ಲಿ ಬರೆದಿಡುವರು.